ನೀರೊಳಗೆ ಕಣ್ಣು ತೆರೆದ ಚೆಲುವಮ್ಮ

ವಿದ್ಯಾರಣ್ಯಪುರಂನ ಚೆಲುವಮ್ಮನವರಿಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ಅಣ್ಣ ಪ್ರಭುಸ್ವಾಮಿ ನಾಲೆಯಲ್ಲಿ ಮುಳುಗಿಹೋದ ಮೇಲೆ ಅವರು ತುಂಬಿದ ಹಂಡೆಯೊಳಗೂ ಬಗ್ಗಿ ನೋಡಿದವರಲ್ಲ. ಮೇಟಗಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿದೂ ತುಳಿದೂ ಮಂಡಿ ಸವೆದು, ಡಾಕ್ಟರು ಈಜಲು ಹೇಳಿದಾಗ, "ಬೇರೆ ಏನಾದ್ರೂ ಹೇಳಿ ಸಾರ್" ಎಂದು ಎದ್ದು ಬಂದಿದ್ದರು. ಕೊನೆಗೆ ನೋವೇ ಗೆದ್ದಿತು.

ಈಜುಕೊಳದಲ್ಲಿ ಹೆಂಗಸರಿಗೆ ಕಲಿಸುವವಳು ಗೌತಮಿ. ಚೆಲುವಮ್ಮ ಕಂಬಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಯೇ ಮುಖ ಮುಳುಗಿಸುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ತೆರೆದರೆ, ತಮ್ಮ ಕೈಯೇ ತಮಗೆ ಕಾಣದಷ್ಟು ಮಸುಕು. ಗಾಬರಿಯಿಂದ ಮೇಲೆದ್ದರು.

"ಕಣ್ಣೇ ಹೋಯ್ತೇನೋ ಅನ್ನಿಸ್ಬುಡ್ತು ಕಣಮ್ಮ."

"ಏನೂ ಆಗಿಲ್ಲ ಆಂಟಿ," ಎಂದು ಗೌತಮಿ ಮೆಟ್ಟಿಲ ಮೇಲೆ ಕೂತಳು. "ಗಾಳೀಲಿ ಬೆಳಕನ್ನ ಹೆಚ್ಚಾಗಿ ಬಗ್ಗಿಸೋದು ಕಣ್ಣಿನ ಮುಂದಿನ ಉಬ್ಬು. ಅದೂ ಹೆಚ್ಚುಕಮ್ಮಿ ನೀರಿನ ಥರಾನೇ ಇರೋದ್ರಿಂದ, ನೀರೊಳಗೆ ಇದ್ದೂ ಇಲ್ಲದ ಹಾಗೆ. ಕಡಲಲ್ಲಿ ಸೀಲ್ ಅಂತ ಪ್ರಾಣಿ ಇದ್ಯಲ್ಲ, ಅದರ ಕಣ್ಣೊಳಗಿನ ಮಸೂರ ಗೋಲಿ ಥರ ದುಂಡಗಿರುತ್ತೆ. ಅದರಿಂದ್ಲೇ ನೀರೊಳಗೆ ಚೆನ್ನಾಗಿ ಕಾಣುತ್ತೆ."

"ದಡಕ್ಕೆ ಬಂದ್ರೆ?"

"ಬಿಸಿಲಿದ್ರೆ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತೆ. ಸಣ್ಣ ತೂತಲ್ಲಿ ನೋಡಿದ್ರೆ ಮಸುಕು ಕಮ್ಮಿಯಾಗುತ್ತಲ್ಲ, ಹಾಗೆ. ಬೆಳಕು ಕಮ್ಮಿಯಾದ್ರೆ ಅದಕ್ಕೂ ಮಂಜು ಮಂಜು."

ಮನೆಗೆ ಬಂದ ಚೆಲುವಮ್ಮ ಕನ್ನಡಕ ತೆಗೆದಿಟ್ಟು, ಮುಷ್ಟಿಯ ಸಂದಿಯಿಂದ ಕ್ಯಾಲೆಂಡರ್ ನೋಡಿದರು. ತಾರೀಖು ನಿಜವಾಗಿಯೂ ಕಂಡಿತು.

"ಏನೇ ಅದು, ದುರ್ಬೀನಾ?" ಎಂದರು ಗಂಡ ಮಹದೇವಯ್ಯ.

"ಸೀಲ್ ಕಣ್ಣು ಕಣ್ರೀ."

ಮಾರನೆಯ ದಿನ ಗೌತಮಿ ಈಜುವ ಕನ್ನಡಕ ಕೊಟ್ಟಳು. "ಕಣ್ಣ ಮುಂದೆ ಒಂದಿಷ್ಟು ಗಾಳಿ ಹಿಡಿದಿಡುತ್ತೆ, ಅಷ್ಟೇ." ಚೆಲುವಮ್ಮ ಮುಳುಗಿ ನೋಡಿದರು. ತಳದ ಟೈಲ್ಸಿನ ಒಂದೊಂದು ಗೆರೆಯೂ ಸ್ಪಷ್ಟ; ಅದರ ಮೇಲೆ ಬಿಸಿಲು ಬಲೆಯಂತೆ ಅಲುಗುತ್ತಿತ್ತು. ಅಣ್ಣನಿಗೆ ಕೊನೆಗೆ ಕಂಡದ್ದು ನಿನ್ನೆಯ ಆ ಮಸುಕೇ ಇರಬೇಕು ಅನ್ನಿಸಿತು. ಎದೆಮಟ್ಟದ ನೀರಲ್ಲಿ ಸುಮಾರು ಹೊತ್ತು ನಿಂತರು.

ಅಲ್ಲಿಂದ ಈಜು ಬೇಗ ಒಲಿಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಆಳದ ಕಡೆಗೂ ಹೋಗಿಬರುತ್ತಿದ್ದರು.

ಒಂದು ಬೆಳಿಗ್ಗೆ, ಜೊತೆಯಲ್ಲಿ ಈಜುತ್ತಿದ್ದ ಬಿಂದುವಿನ ಮೂಗುಬೊಟ್ಟು ಆಳದಲ್ಲಿ ಬಿದ್ದುಹೋಯಿತು. ಅವಳ ಕಣ್ಣಲ್ಲಿ ನೀರು. "ನಮ್ಮಮ್ಮಂದು, ಚೆಲುವಕ್ಕ."

"ಇರು, ನೋಡ್ತೀನಿ," ಎಂದ ಚೆಲುವಮ್ಮ ಉಸಿರು ತುಂಬಿಕೊಂಡು ತಲೆಕೆಳಗಾಗಿ ಇಳಿದರು. ಕಿವಿ ಗುಂಯ್ ಎಂದಿತು. ತಳ ಮುಟ್ಟಿ, ನೀರು ಹೋಗುವ ಜಾಲರಿಯ ಪಕ್ಕ ಹೊಳೆದ ಕೆಂಪು ಹರಳನ್ನು ಚಿವುಟಿ ಎತ್ತಿಕೊಂಡು ಮೇಲೆ ಬಂದರು.

ಬಿಂದು ಅವರ ಎರಡೂ ಕೈ ಹಿಡಿದುಕೊಂಡಳು. "ತಿರುಪು ಬಿಗಿ ಮಾಡ್ಕೊ ತಾಯಿ," ಎಂದು ಹೇಳಿ ಚೆಲುವಮ್ಮ ಮತ್ತೆ ನೀರಿಗೆ ಮುಖವಿಟ್ಟರು.