ನಿಂತ ಎಮ್ಮೆಗೆ ತಕ್ಕ ಗೇರು

ಲಕ್ವಾ ಹೊಡೆದ ಮೇಲೆ ನನ್ನ ತಮ್ಮನ ಎಡಗಾಲಿಗೆ ಕ್ಲಚ್ ಒತ್ತುವಷ್ಟು ಬಲ ಮರಳಲಿಲ್ಲ. ಅದಕ್ಕೆಂದೇ ಅವನು ಆಟೋಮ್ಯಾಟಿಕ್ ಗೇರಿನ ಹಳೆಯ ಪಿಕಪ್ ಟ್ರಕ್ಕೊಂದನ್ನು ಹುಡುಕಿ ತಂದಿದ್ದ. ಹೆಬ್ಬಳ್ಳಿಯ ಸುತ್ತಿನ ಊರುಗಳಿಂದ ಕಾಯಿಲೆ ಬಿದ್ದ ದನಗಳನ್ನು ಧಾರವಾಡದ ಪಶು ಆಸ್ಪತ್ರೆಗೆ ಒಯ್ಯುವುದು ಅವನ ಉದ್ಯೋಗ. ಆ ಗೇರ್‌ಬಾಕ್ಸ್ ಕೆಟ್ಟರೆ ಅವನು ಓಡಿಸಬಲ್ಲ ಬೇರೆ ಗಾಡಿಯೇ ಇರಲಿಲ್ಲ.

ಈಚೆಗೆ ಗೇರು ಬದಲಾಗುವಾಗ ಎಂಜಿನ್ ಸುಮ್ಮನೆ ಕೂಗಿ, ಆಮೇಲೆ ನಿಧಾನವಾಗಿ ಹಿಡಿದುಕೊಳ್ಳತೊಡಗಿತ್ತು. ಝಟಕಾ ಇಲ್ಲದ್ದನ್ನು ಕಂಡು, ಬೆಣ್ಣೆಯಂಥ ಗೇರು ಎಂದು ಎಲ್ಲರೂ ಹೊಗಳಿದರು. ಎಲ್ಲರೂ ಹೇಳುತ್ತಾರೆಂಬುದು ನನಗೆ ಎಂದೂ ಪುರಾವೆಯೆನಿಸಿಲ್ಲ. ಶಾಲೆಯನ್ನು ಬೇಗ ಬಿಟ್ಟ ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ಇಂಗ್ಲಿಷ್ ಕಲಿತವನು. ಹಾಗೆಯೇ ಗೇರ್‌ಬಾಕ್ಸಿನ ಕೈಪಿಡಿಯನ್ನೂ ಓದಿದೆ. ಒಳಗಿನ ಕ್ಲಚ್ ಬಿಲ್ಲೆಗಳು ಜಾರಿ ಸವೆಯುತ್ತಿರುವುದನ್ನೇ ಜನ ಬೆಣ್ಣೆ ಎನ್ನುತ್ತಿದ್ದರು.

ತಾರಿಹಾಳದ ಮಿಸ್ತ್ರಿ ಇದನ್ನು ಒಪ್ಪಿ, ಶಿಫ್ಟ್ ಕಿಟ್ ಹಾಕಬೇಕೆಂದ. ಕೆಲವು ಸ್ಪ್ರಿಂಗು, ವಾಲ್ವುಗಳ ಪೊಟ್ಟಣವದು. ಅವನ್ನು ಜೋಡಿಸಿ, ಒಳಗಿನ ತಗಡಿನ ರಂಧ್ರಗಳನ್ನು ಹಿಗ್ಗಿಸಿದರೆ ಎಣ್ಣೆ ಬಿರುಸಾಗಿ ಹರಿದು ಬಿಲ್ಲೆಗಳನ್ನು ತಡಮಾಡದೆ ಹಿಡಿಯುತ್ತದೆ. ಅವನ ಬಳಿ ಎರಡು ಬಗೆಯ ಕಿಟ್ಟುಗಳಿದ್ದವು: ಸೌಮ್ಯ, ಬಿರುಸು.

“ಬಿರುಸಿನ ಕಿಟ್ ಹಾಕಸ್ರಿ ಕಾಕಾ. ಝಟಕಾ ಹೊಡದಷ್ಟೂ ಬಾಳಿಕಿ ಜಾಸ್ತಿ. ಲೋಡ್ ಗಾಡಿಯವ್ರೆಲ್ಲಾ ಅದನ್ನ ಒಯ್ತಾರ.”

“ಅವ್ರೆಲ್ಲಾ ಏನ್ ಹೇರ್ತಾರ?”

“ಸಿಮೆಂಟು, ಕಬ್ಬಿಣ.”

“ನಮ್ಮ ಮಾಲು ನಾಕ್ ಕಾಲಿನ ಮ್ಯಾಲ ನಿಂತಿರ್ತೈತಿ.”

ತಮ್ಮ ರೇಗಿದ. “ಅಣ್ಣಾ, ನಿನ್ನ ವಾದ ಮುಗಿಯೂದ್ರಾಗ ನನ್ನ ಗೇರು ಸುಟ್ಟು ಹೋಗ್ತೈತಿ!”

ಅವನ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೆ ಹಿಗ್ಗಿಸಿದ ರಂಧ್ರ ಮತ್ತೆ ಕಿರಿದಾಗುವುದಿಲ್ಲ. ಮಿಸ್ತ್ರಿಯ ಸ್ವಂತ ಟ್ರಕ್ಕಿಗೆ ಬಿರುಸಿನ ಕಿಟ್ ಹಾಕಿತ್ತು. ಅದು ಓಡುವಾಗ ದನ ನಿಲ್ಲುವ ಹಾಗೆ ಹಿಂಬದಿಯ ತೊಟ್ಟಿಯಲ್ಲಿ ನಿಂತು ನೋಡುತ್ತೇನೆಂದೆ.

“ಈ ವಯಸ್ಸಿನ್ಯಾಗ ಯಾಕ್ರಿ?” ಮಿಸ್ತ್ರಿ ಗಾಬರಿಯಾದ.

“ಹತ್ಲಿ ಬಿಡ್ರಿ,” ಎಂದ ತಮ್ಮ. “ಎಮ್ಮಿಕಿಂತ ಹಟ ಜಾಸ್ತಿ ಐತಿ ನಮ್ಮಣ್ಣಗ.”

ಗಾಡಿ ಹೊರಟು ಗೇರು ಮೊದಲ ಸಲ ಬದಲಾದಾಗ ಮುಗ್ಗರಿಸಿದೆ. ಎರಡನೆಯ ಸಲ ಹಿಡಿದಿದ್ದ ಕಂಬಿ ಕೈತಪ್ಪಿ ಹಿಂಬಾಗಿಲಿಗೆ ಹೋಗಿ ಬಡಿದೆ. ಮಿಸ್ತ್ರಿ ಗಾಡಿ ನಿಲ್ಲಿಸಿ ಓಡಿ ಬಂದು, ನನ್ನನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟ. “ನಾ ಒಮ್ಮೆನೂ ಹಿಂದ ನಿಂತ ನೋಡಿಲ್ರಿ,” ಎಂದ. ಅವನು ಸುಳ್ಳು ಹೇಳಿರಲಿಲ್ಲ. ಮುಂದಿನ ಸೀಟಿನಿಂದ ತಿಳಿಯುವಷ್ಟನ್ನು ಹೇಳಿದ್ದ. ಅವನ ಇನ್ನೊಂದು ಮಾತನ್ನು ನಾನೂ ಒಪ್ಪಬೇಕಾಯಿತು: ಸೌಮ್ಯ ಕಿಟ್ ಹಾಕಿದರೆ ಒಮ್ಮೆಗೆ ಎರಡು ದನ ಹೇರುವಂತಿಲ್ಲ, ಭಾರಕ್ಕೆ ಗೇರು ಬಿಸಿಯೇರುತ್ತದೆ.

ತಮ್ಮ ಹತ್ತಿರ ಬಂದ. ನನ್ನ ತರಚಿದ ಮೊಣಕೈ ನೋಡಿದ. “ಒಂದೊಂದ ಒಯ್ತೇನಿ. ಸೌಮ್ಯದ್ದ ಹಾಕ್ರಿ,” ಎಂದ.

ಹೊಸ ಕಿಟ್ಟಿನ ಮೊದಲ ಸವಾರಿಗೆ, ಹೊಟ್ಟೆಯಲ್ಲಿ ಕರು ಅಡ್ಡವಾಗಿ ಸಿಕ್ಕಿಕೊಂಡು ಈಯಲಾಗದ ಹೆಬ್ಬಳ್ಳಿಯ ಎಮ್ಮೆಯೊಂದು ಬಂತು. ನಾನು ಅದರ ಪಕ್ಕದಲ್ಲಿ ನಿಂತೆ. ಗೇರು ಬದಲಾಯಿತು, ಎಂಜಿನ್ ಕೂಗಲಿಲ್ಲ. ಎಮ್ಮೆ ಹಿಂಗಾಲೊಂದನ್ನು ಸರಿಸಿ ಊರಿತು.

“ನಿಂತಾಳೇನಣ್ಣಾ?” ತಮ್ಮ ಮುಂದಿನಿಂದ ಕೂಗಿದ.

“ನಿಂತಾಳ. ನೀ ನಡಿ.”