ಅಮ್ಮನ ಚೀಲಕ್ಕೆ ಸುರಿದ ಹಣ್ಣು

ಆರು ತಿಂಗಳ ಕಾಲ ನಾನು ಜಿಲ್ಲೆಯ ಯುವಜನರಿಗೆಲ್ಲ ಬುದ್ಧಿ ಹೇಳಿದ್ದೇನೆ. ಆಗ ನನಗೆ ಇಪ್ಪತ್ತೆರಡು. ಬಿ.ಎ. ಮುಗಿಸಿ ವರ್ಷವಾದರೂ ಕೆಲಸವಿಲ್ಲದೆ ಕೂತಿದ್ದವಳು. ನನಗೇ ಯಾರಾದರೂ ಬುದ್ಧಿ ಹೇಳಬೇಕಾಗಿತ್ತು. ಚಿಕ್ಕಮಗಳೂರಿನ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯೇ ನಮ್ಮ ವೆಬ್‌ಸೈಟಿನ ಆಫೀಸು. ಓದು, ಕೆಲಸ, ಪ್ರೀತಿ, ಮನೆಯ ಜಗಳ, ಏನು ಬೇಕಾದರೂ ಕೇಳಿ, ಎರಡು ದಿನದೊಳಗೆ ಉತ್ತರಿಸುತ್ತೇವೆ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಉತ್ತರಿಸುತ್ತಿದ್ದವರು ನಾವು ಮೂವರು ಸ್ವಯಂಸೇವಕರು. ಸಂಬಳವಿಲ್ಲ. ಆರು ತಿಂಗಳು ಮುಗಿದರೆ ವೆಬ್‌ಸೈಟ್ ನಡೆಸುತ್ತಿದ್ದ ಮೇಡಂ ಸಹಿ ಹಾಕಿದ ಒಂದು ಅನುಭವ ಪತ್ರ ಸಿಗುತ್ತಿತ್ತು.

ಕಳಸದಲ್ಲಿ ಜೀಪು ರಿಪೇರಿ ಮಾಡುವ ನನ್ನ ಅಬ್ಬಾಗೆ ಈ ಲೆಕ್ಕಾಚಾರ ತಲೆಗೆ ಹೋಗಲೇ ಇಲ್ಲ.

"ನಮ್ಮ ಗ್ಯಾರೇಜಿಗೆ ಕೆಲಸ ಕಲಿಯೋಕೆ ಬಂದವರಿಗೂ ಊಟ ಹಾಕ್ತೀವಿ. ಇವರು ಚಾ ಆದ್ರೂ ಕೊಡ್ತಾರಾ?" ಎಂದು ಕೇಳಿದರು.

ಕೊಡುತ್ತಿರಲಿಲ್ಲ. ಆದರೆ ನಾನು ಅರ್ಜಿ ಹಾಕಿದ ಕಡೆಯೆಲ್ಲ ಮೊದಲು ಕೇಳುತ್ತಿದ್ದದ್ದೇ ಅನುಭವ ಎಷ್ಟು ಅಂತ. ಆ ಪತ್ರ ನನಗೆ ಬೇಕಿತ್ತು. ವಸ್ತಾರೆಯಲ್ಲಿ ಅಮ್ಮನ ತಂಗಿಯ ಮನೆಯಲ್ಲಿ ಉಳಿದು, ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬಂದೆ.

ನನ್ನ ಪಾಲಿಗೆ ಬಂದದ್ದು 'ಸ್ವಯಂಸೇವೆ ಮತ್ತು ಕೆಲಸದ ಅನುಭವ' ಎಂಬ ಪುಟ. ನರ್ಸರಿ, ಹೋಂಸ್ಟೇ, ಎಸ್ಟೇಟುಗಳಿಗೆಲ್ಲ ಫೋನ್ ಮಾಡಿ, ನಿಮ್ಮಲ್ಲಿ ಯುವಜನರಿಗೆ ಅನುಭವಕ್ಕೆ ಅವಕಾಶ ಕೊಡುತ್ತೀರಾ ಎಂದು ಕೇಳುವುದು ನನ್ನ ಕೆಲಸ. ಹೆಚ್ಚಿನವರು ನಕ್ಕು ಫೋನಿಟ್ಟರು. ಒಬ್ಬರಂತೂ, "ಪುಕ್ಕಟೆ ಜನ ಕಳಿಸ್ತೀಯಾ? ಇವತ್ತೇ ಕಳಿಸು ಮಾರಾಯ್ತಿ" ಅಂದರು. ನನಗೆ ಸಿಟ್ಟು ಬಂತು. ನಿಜ ಹೇಳಿದ್ದಕ್ಕೆ ಬಂದ ಸಿಟ್ಟು ಅದು ಅಂತ ಆಗ ಒಪ್ಪಿಕೊಳ್ಳಲಿಲ್ಲ.

ಕೊನೆಗೆ ಮೂಡಿಗೆರೆ ಕಡೆಯ ಒಂದು ಎಸ್ಟೇಟು ಒಪ್ಪಿತು. ಅದರ ಸಾವ್ಕಾರ್ರು ಮೇಡಂಗೆ ಸಂಬಂಧಿಕರು. ಜನವರಿ, ರೊಬಸ್ಟ ಕಾಫಿಯ ಕುಯ್ಲು, ಹಣ್ಣು ಬಿಡಿಸಲು ಆಳು ಸಿಗದೆ ಅವರು ಒದ್ದಾಡುತ್ತಿದ್ದರು. ನಾನು ಬರೆದೆ: 'ಗಿಡದಿಂದ ಲೋಟದವರೆಗೆ: ನಾಲ್ಕು ವಾರಗಳ ಕಾಫಿ ಅನುಭವ. ಊಟ, ವಸತಿ, ಪ್ರಮಾಣಪತ್ರ.' ಬೆತ್ತದ ಬುಟ್ಟಿ ಹಿಡಿದು ನಗುವ ಹುಡುಗಿಯ ಫೋಟೋ ಹಾಕಿದೆ. ಆ ತೋಟದಲ್ಲಿ ಹಣ್ಣು ಬಿಡಿಸುವವರು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾರೆ, ಬುಟ್ಟಿ ಬರುವುದು ಫೋಟೋಕ್ಕೆ ಮಾತ್ರ. ಕಳಸದವಳಾದ ನನಗೆ ಇದು ಗೊತ್ತಿರಲಿಲ್ಲ ಅಂತೇನಲ್ಲ.

ಆ ಪುಟ ನೋಡಿ ಫೋನ್ ಮಾಡಿದವಳು ಪಿಯುಸಿ ಮುಗಿಸಿದ ಒಬ್ಬ ಹುಡುಗಿ. ಹೋಟೆಲ್ ಕೆಲಸ ಕಲಿಸುವ ಒಂದು ಕೋರ್ಸಿಗೆ ಸೇರಬೇಕಂತೆ. ಅರ್ಜಿಯ ಜೊತೆ ಒಂದು ತಿಂಗಳ ಕೆಲಸದ ಅನುಭವದ ಪತ್ರ ಇಡಬೇಕಂತೆ.

"ಇಲ್ಲಿವರೆಗೆ ಏನಾದ್ರೂ ಕೆಲಸ ಮಾಡಿದೀಯಾ?" ಎಂದು ಕೇಳಿದೆ.

"ಪ್ರತಿ ವರ್ಷ ಕುಯ್ಲಿಗೆ ಹೋಗ್ತೀನಿ ಅಕ್ಕ, ಅಮ್ಮನ ಜೊತೆ."

"ಪತ್ರ ಇದೆಯಾ ಅದಕ್ಕೆ?"

"ಅದಕ್ಕೆಲ್ಲ ಯಾರು ಕೊಡ್ತಾರಕ್ಕ?"

ಪತ್ರವಿಲ್ಲದ ಕೆಲಸ ನಮ್ಮ ಕಣ್ಣಿಗೆ ಕೆಲಸವೇ ಅಲ್ಲ. ಮೂಡಿಗೆರೆಯ ಆ ಎಸ್ಟೇಟಿನ ಹೆಸರು ಹೇಳಿದೆ. ಅವಳು ನಕ್ಕಳು. ಅವಳ ಮನೆ ಇದ್ದದ್ದೇ ಆ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ. ಅವಳ ಅಮ್ಮ ಅಲ್ಲೇ ಕೆಲಸದವಳು.

"ಒಳ್ಳೇದೇ ಆಯ್ತಲ್ಲ, ಓಡಾಟ ಇಲ್ಲ. ಆದ್ರೆ ಕೂಲಿ ಸಿಗಲ್ಲ, ಗೊತ್ತಾಯ್ತಲ್ಲ?"

"ಹೂಂ ಅಕ್ಕ."

"ನಾಲ್ಕು ವಾರ ಒಂದು ದಿನಾನೂ ತಪ್ಪಿಸಬಾರದು."

"ಹೂಂ ಅಕ್ಕ."

ಅಮ್ಮ ಕೂಲಿಗೆ ಬಿಡಿಸುವ ಗಿಡದ ಪಕ್ಕದ ಗಿಡವನ್ನೇ ಮಗಳು ಪುಕ್ಕಟೆ ಬಿಡಿಸುತ್ತಾಳೆ ಎಂಬುದು ನನ್ನ ತಲೆಗೆ ಆಗಲೇ ಹೊಳೆದಿತ್ತು. ಅರ್ಜಿಗಳ ಪಟ್ಟಿಯಲ್ಲಿ ಸ್ಥಳೀಯರು ಒಬ್ಬರಾದರೂ ಇರಲಿ ಎಂದು ಮೇಡಂ ಹೇಳಿದ್ದರು. ನಾನು ಅವಳ ಹೆಸರು ಸೇರಿಸಿ ಫೋನಿಟ್ಟೆ.

ಅವಳ ಜೊತೆ ಬೆಂಗಳೂರಿನಿಂದ ಇನ್ನಿಬ್ಬರು ಬಂದಿದ್ದರು. ಅವರು ಎಸ್ಟೇಟಿನ ಹೋಂಸ್ಟೇಯ ಜಗಲಿಯಲ್ಲಿ ಊಟ ಮಾಡುತ್ತಿದ್ದರು, ಇವಳು ಲೈನಿನ ಮನೆಗೆ ಹೋಗಿ ಉಂಡು ಬರುತ್ತಿದ್ದಳು. ಅವರು ಬಿಡಿಸಿದ್ದರಲ್ಲಿ ಅರ್ಧ ಎಲೆ, ಅರ್ಧ ಹಸಿರು ಕಾಯಿ. ಇವಳು ಬಿಡಿಸಿದ್ದು ಅಚ್ಚುಕಟ್ಟಾದ ಹಣ್ಣು. ಸ್ವಯಂಸೇವಕರ ಹಣ್ಣನ್ನು ಬೇರೆಯೇ ರಾಶಿ ಹಾಕಬೇಕು ಅಂತ ಸಾವ್ಕಾರ್ರ ಆಜ್ಞೆಯಾಗಿತ್ತು.

ಮೂರನೇ ವಾರ ಅವಳಮ್ಮನಿಗೆ ಜ್ವರ. ಜ್ವರದಲ್ಲೇ ಕೆಲಸಕ್ಕೆ ಬಂದಿದ್ದಳು. ಕುಯ್ಲಿನಲ್ಲಿ ಕೂಲಿ ಸಿಗುವುದು ಬಿಡಿಸಿದ ಹಣ್ಣಿನ ತೂಕಕ್ಕೆ. ನಮ್ಮ ಕಡೆಯ ತೋಟಗಳಲ್ಲಿ ಒಂದು ಮನೆಯವರು ಎಷ್ಟೇ ಜನ ಇರಲಿ, ಚೀಲ ಒಂದೇ, ಸಂಜೆ ತೂಕ ಬರೆಯುವುದು ಅಮ್ಮನ ಹೆಸರಿಗೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಲೈನಿನ ಮಕ್ಕಳೆಲ್ಲ ರಜದಲ್ಲಿ ತುಂಬುತ್ತಿದ್ದದ್ದು ಅಂಥ ಚೀಲಗಳನ್ನೇ. ಆ ಹುಡುಗಿಯೂ ಸೊಂಟದ ಚೀಲ ತುಂಬಿದ ಹಾಗೆಲ್ಲ ಹೋಗಿ ಅಮ್ಮನ ಚೀಲಕ್ಕೆ ಸುರಿದಳು. ಕೈ ತನ್ನಷ್ಟಕ್ಕೆ ಅತ್ತ ಹೋಗಿರಬೇಕು. ಮೇಸ್ತ್ರಿ ನೋಡಿಯೂ ಸುಮ್ಮನಿದ್ದ, ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಂಜೆ ತೂಕ ಬರೆಯುವ ರೈಟರ್‌ಗೆ ಮಾತ್ರ ಕಂಡಿತು. ಜ್ವರದವಳ ಚೀಲ ಇಷ್ಟು ಭಾರ ಹೇಗೆ ಎಂದು ಎಲ್ಲರೆದುರು ಆ ಚೀಲವನ್ನು ಕಣದಲ್ಲಿ ಸುರಿಸಿ ನೋಡಿದ. ಮಗಳ ಹಣ್ಣು ಸ್ವಯಂಸೇವಕರ ರಾಶಿಗೆ ಬಿದ್ದಿಲ್ಲ ಅಂತ ಸಾವ್ಕಾರ್ರಿಗೆ ಸುದ್ದಿ ಹೋಯಿತು. ಅವರಿಂದ ಮೇಡಂಗೆ ಬಂತು.

ಮೇಡಂ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು.

"ಕದ್ದಳು ಅಂತ ನಾನು ಹೇಳ್ತಿಲ್ಲಮ್ಮ. ಇದು ನಂಬಿಕೆ ಪ್ರಶ್ನೆ. ಅವಳಿಗೆ ಪತ್ರ ಕೊಡೋಕಾಗಲ್ಲ. ನೀನೇ ಒಂದು ಮೇಲ್ ಬರಿ. ಸ್ವಲ್ಪ ಮೆತ್ತಗೆ ಬರಿ, ಪಾಪ."

ನಾನು ನಿಂತೇ ಇದ್ದೆ. ಅವರು ಕಂಪ್ಯೂಟರಿನತ್ತ ತಿರುಗಿ, "ನಿಂದೂ ಮುಂದಿನ ವಾರ ಮುಗಿಯುತ್ತಲ್ಲ? ನಿನ್ನ ಪತ್ರ ನಾನೇ ಬರೀತಿದೀನಿ, ಚೆನ್ನಾಗಿ ಬರೀತೀನಿ" ಅಂದರು.

ಒಂದೇ ಮಾತು ಸಾಕಿತ್ತು. 'ಮೇಡಂ, ತೋಟದಲ್ಲಿ ಎಲ್ಲರೂ ಮಾಡೋದು ಹಾಗೇ' ಅಂತ ಹೇಳಬಹುದಿತ್ತು. ಆ ಕೋಣೆಯಲ್ಲಿ ಆ ಪದ್ಧತಿ ಗೊತ್ತಿದ್ದವಳು ನಾನೊಬ್ಬಳೇ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ನನಗೆ ಯಾರ ಹೆದರಿಕೆಯೂ ಇರಲಿಲ್ಲ, ಯಾರೂ ಗದರಿಸಿರಲಿಲ್ಲ. ನನಗೆ ನನ್ನ ಪತ್ರ ಬೇಕಿತ್ತು, ಅಷ್ಟೇ.

ಮೇಲ್ ಚೆನ್ನಾಗಿಯೇ ಬರೆದೆ. 'ನಿಮ್ಮ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಆದರೆ ನಿಯಮಗಳ ಪಾಲನೆಯೂ ಅನುಭವದ ಒಂದು ಭಾಗ.' ಆ ಎರಡನೇ ಸಾಲು ಹೊಳೆದಾಗ ನನಗೆ ಖುಷಿಯಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಖುಷಿಯಾಗಿದ್ದು ನಿಜ.

ಅವಳು ಫೋನ್ ಮಾಡಿದಳು.

"ಅಕ್ಕ, ಅದು ಅಮ್ಮನ ಚೀಲ ಅಕ್ಕ."

"ಗೊತ್ತಮ್ಮ. ಆದ್ರೆ ನಿಯಮ ಅಂತ ಒಂದಿರುತ್ತಲ್ಲ."

"ಇನ್ನೊಂದು ವಾರ ಜಾಸ್ತಿ ಮಾಡಿಕೊಡ್ತೀನಿ. ಕಾಗದ ಒಂದು ಕೊಡ್ಸಿ. ಅರ್ಜಿಗೆ ಶನಿವಾರ ಕೊನೇ ದಿನ."

"ನನ್ನ ಕೈಲಿ ಏನೂ ಇಲ್ಲ, ಅರ್ಥ ಮಾಡ್ಕೋ."

"ಹೂಂ ಅಕ್ಕ" ಅಂದಳು. ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ನನಗೂ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗುತ್ತಿತ್ತು.

ಶನಿವಾರ ಕಳೆದು ಸೋಮವಾರ ಬೆಳಿಗ್ಗೆ ವೆಬ್‌ಸೈಟಿನ ಪ್ರಶ್ನೆ ಪೆಟ್ಟಿಗೆಗೆ ಒಂದು ಪ್ರಶ್ನೆ ಬಂದಿತ್ತು. ಅಲ್ಲಿ ಹೆಸರು ಬರೆಯಬೇಕಾಗಿಲ್ಲ, ಬರೆದಿರಲೂ ಇಲ್ಲ. 'ಚಿಕ್ಕಂದಿನಿಂದ ಬಿಡಿಸಿದ ಹಣ್ಣೆಲ್ಲ ಅಮ್ಮನ ಚೀಲಕ್ಕೇ ಹಾಕಿದೀನಿ. ಅದೂ ಕಳ್ಳತನನಾ? ಎಲ್ಲರೆದುರು ಚೀಲ ಸುರಿಸಿದ ಮೇಲೆ ಅಮ್ಮ ನನ್ನ ಜೊತೆ ಮಾತಾಡ್ತಿಲ್ಲ. ಏನು ಮಾಡಲಿ?'

ಸರದಿ ನನ್ನದೇ ಇತ್ತು. ನಮ್ಮಲ್ಲಿ ಇಂಥವಕ್ಕೆಲ್ಲ ಸಿದ್ಧ ಉತ್ತರಗಳಿದ್ದವು. ಅವುಗಳಲ್ಲಿ ಒಂದನ್ನು ತೆಗೆದು ಅಂಟಿಸಿದೆ. 'ನಿಮ್ಮ ಪ್ರಶ್ನೆಗೆ ಧನ್ಯವಾದ. ಇಂಥ ಸಂದರ್ಭದಲ್ಲಿ ಬೇಸರವಾಗುವುದು ಸಹಜ. ನೀವು ನಂಬುವ ಹಿರಿಯರೊಬ್ಬರ ಜೊತೆ ಮನಸ್ಸು ಬಿಚ್ಚಿ ಮಾತಾಡಿ. ಹೊಸ ಅವಕಾಶಗಳಿಗಾಗಿ ನಮ್ಮ ಕೆಲಸದ ಅನುಭವದ ಪುಟ ನೋಡಿ.' ಆ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಇನ್ನೂ ಅದೇ ಎಸ್ಟೇಟು, ಅದೇ ಬುಟ್ಟಿಯ ಹುಡುಗಿ.

ನಮ್ಮ ಪ್ರತಿ ಉತ್ತರದ ಕೆಳಗೆ 'ಈ ಉತ್ತರ ನಿಮಗೆ ಉಪಯೋಗವಾಯಿತೇ?' ಎಂಬ ಸಾಲು, ಹೌದು ಮತ್ತು ಇಲ್ಲ ಎಂಬ ಎರಡು ಗುಂಡಿಗಳು. ಯಾರೂ ಅದನ್ನು ಒತ್ತುತ್ತಿರಲಿಲ್ಲ. ಮಧ್ಯಾಹ್ನ ನೋಡಿದರೆ ಅವಳು ಒತ್ತಿದ್ದಳು. ಹೌದು.

ಎಸ್ಟೇಟಿನ ಲೈನಿನಲ್ಲಿ ಬೆಳೆದವರು ಆಫೀಸಿನವರು ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದವರು ಲೈನಿನಲ್ಲಿ ಉಳಿದದ್ದನ್ನು ಅವರು ನೋಡಿಲ್ಲ. ಇದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಂಪ್ಯೂಟರನ್ನು ಮೇಡಂ ಕಡೆ ತಿರುಗಿಸಿ ಆ ಹೌದನ್ನು ತೋರಿಸಿದೆ. ಅವರು "ವೆರಿ ಗುಡ್" ಅಂದು ಬರೆದುಕೊಂಡರು.

ಈಗ ನಾನು ಸಂಬಳ ಬರುವ ಕೆಲಸದಲ್ಲಿದ್ದೇನೆ. ಸಂದರ್ಶನ ಮಾಡಿದವರು ನನ್ನ ಅನುಭವ ಪತ್ರದ ಮೂರನೇ ಸಾಲನ್ನು ಗಟ್ಟಿಯಾಗಿ ಓದಿದರು: 'ಇವರ ಸಲಹೆ ತಮಗೆ ಉಪಯೋಗವಾಯಿತೆಂದು ಯುವಜನರೇ ತಿಳಿಸಿದ್ದಾರೆ.' ನಿಜವೇ ಎಂದು ಕೇಳಿದರು. ಹೌದು ಅಂದೆ.