ಖುಬ್ಬೂಸ್ ಸುತ್ತಿದ ಹಾಳೆ

ಕ್ಲೆಮೆಂಟ್ ಲೋಬೊ ಕಾಗದ ಬಿಸಾಡುವವರಲ್ಲ. ಶಿರ್ವದಿಂದ ಬಹರೈನಿಗೆ ಬಂದು ಇಪ್ಪತ್ತಾರು ವರ್ಷವಾದರೂ ಆ ಗುಣ ಹೋಗಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೆಂಡತಿ ಮೇಬಲ್ ಮುಖಕ್ಕೇ ಹೇಳಿಯೂ ಆಗಿತ್ತು. ಉಮ್ ಅಲ್ ಹಸ್ಸಮ್‌ನ ಅವರ ಫ್ಲ್ಯಾಟಿನಲ್ಲಿ ಮಂಚದಡಿಗೆ ಕೈ ಹಾಕಿದರೆ ಸಾಕು, ಹಳೆಯ ಕ್ಯಾಲೆಂಡರು, ಕರೆಂಟ್ ಬಿಲ್ಲು, ಒಂದು ಬದಿ ಖಾಲಿ ಇರುವ ಹಾಳೆಗಳ ಕಟ್ಟು. ಆಸ್ಪತ್ರೆಯಲ್ಲಿ ಹನ್ನೆರಡು ತಾಸು ನಿಂತು ಬರುವ ನರ್ಸಮ್ಮನಿಗೆ ಮನೆಯಲ್ಲಿ ಧೂಳು ಹೊಡೆಯುವ ಇನ್ನೊಂದು ಡ್ಯೂಟಿ.

ಇಂಥವರಿಗೆ ದೇವರು ಕೊಟ್ಟ ಕೆಲಸವೂ ಕಾಗದದ್ದೇ. ಮೊದಲು ಒಂದು ಹಾರ್ಡ್‌ವೇರ್ ಕಂಪೆನಿಯ ಸ್ಟೋರು. ಅದು ಮುಚ್ಚಿದ ಮೇಲೆ ಮುಹರ್ರಕ್‌ನ ಹಳೆ ಮನೆಯೊಂದರ ಮಹಡಿಯಲ್ಲಿದ್ದ ಚಿಕ್ಕ ಧರ್ಮಸಂಸ್ಥೆ. ಗಡಿ ದಾಟಿ ಬಂದು ಪೇಶಾವರದ ಅಂಚಿನಲ್ಲಿ ಬಿಡಾರ ಹೂಡಿದ ಅಫ್ಘಾನ್ ವಿಧವೆಯರಿಗೆ ತಿಂಗಳ ರೇಷನ್ನು, ತಂದೆಯಿಲ್ಲದ ಮಕ್ಕಳಿಗೆ ಶಾಲೆಯ ಫೀಸು. ಕುಟುಂಬಕ್ಕೊಂದು ಫೈಲು. ವರ್ಷಕ್ಕೊಮ್ಮೆ ಮಕ್ಕಳ ಹೊಸ ಫೋಟೊ ಬರಬೇಕು, ಆಫೀಸಿನ ಫೋನಿನಿಂದ ತಾಯಿಗೆ ಒಂದು ಕರೆ ಹೋಗಬೇಕು. ಬಿಡಾರದಲ್ಲಿದ್ದು ಉರ್ದು ಕಲಿತ ಆ ಹೆಂಗಸರ ಜೊತೆ ಕ್ಲೆಮೆಂಟ್ ತಮ್ಮ ಗಲ್ಫ್ ಹಿಂದಿಯಲ್ಲಿ ಸುಖದುಃಖ ವಿಚಾರಿಸುತ್ತಿದ್ದರು. ನಿಯಮ ಮಾತ್ರ ಕಟ್ಟುನಿಟ್ಟು. ತಂದೆ ಸತ್ತದ್ದಕ್ಕೆ ಇಬ್ಬರ ಸಾಕ್ಷಿ ಬೇಕು. ಅವನು ಬದುಕಿದ್ದಾನೆಂದು ಗೊತ್ತಾದರೆ ಫೈಲು ಅಂದೇ ಬಂದ್.

ಕಳೆದ ವರ್ಷ ಪ್ರೆಸ್ಸಿನವನು ಸಂಸ್ಥೆಯ ಫೋನ್ ನಂಬರ್ ತಪ್ಪಾಗಿ ಹಾಕಿ ಎರಡು ಸಾವಿರ ಕರಪತ್ರ ಛಾಪಿಸಿಬಿಟ್ಟ. ಎಲ್ಲವನ್ನೂ ಕಸಕ್ಕೆ ಹಾಕಿ ಎಂದರು ಮೇಲಿನವರು. ಕ್ಲೆಮೆಂಟ್‌ಗೆ ಹೊಟ್ಟೆ ಉರಿಯಿತು. ಮನೆಯ ಗಲ್ಲಿಯಲ್ಲೇ ಖುಬ್ಬೂಸ್ ಎಂಬ ಅರಬಿ ತಂದೂರಿ ರೊಟ್ಟಿಯ ಒಂದು ಅಂಗಡಿ. ಬಿಸಿ ಖುಬ್ಬೂಸನ್ನು ಹಳೆ ಪೇಪರಿನಲ್ಲಿ ಸುತ್ತಿ ಕೊಡುವ ಪದ್ಧತಿ. ಈಗ ಪೇಪರ್ ಕೊಳ್ಳುವವರಾದರೂ ಯಾರು? ಒಂದು ಶುಕ್ರವಾರ ಕಟ್ಟುಗಳನ್ನು ಹೊತ್ತುಕೊಂಡು ಹೋಗಿ ಅಂಗಡಿಗೆ ಕೊಟ್ಟು ಬಂದರು.

"ಎಂತ ಮಾರಾಯ್ರೆ ನೀವು! ಆ ಮಕ್ಕಳ ಮೋರೆ ಉಂಟು ಅದರಲ್ಲಿ. ರೊಟ್ಟಿ ಕಟ್ಲಿಕ್ಕೆ ಕೊಡೂದಾ?" ಎಂದಳು ಮೇಬಲ್.

"ಕಸದ ತೊಟ್ಟಿಗೆ ಹಾಕೂದಕ್ಕಿಂತ ಒಳ್ಳೇದಲ್ವಾ?" ಎಂದರು ಕ್ಲೆಮೆಂಟ್. ತಾವು ಮಾಡಿದ್ದು ಪುಣ್ಯದ ಕೆಲಸವೆಂದೇ ಅವರ ನಂಬಿಕೆ.

ನಾಲ್ಕು ದಿನ ಕಳೆದು ಬೆಳಿಗ್ಗೆ ಹೋದಾಗ ಅಂಗಡಿಯ ಮುಂದೆ ಕರಕಲು ವಾಸನೆ. ತಂದೂರಿನೊಳಗೆ ಖುಬ್ಬೂಸ್ ಸುಟ್ಟು ಕಪ್ಪಾಗುತ್ತಿತ್ತು. ಅದನ್ನು ತೆಗೆಯಬೇಕಾದ ಝರ್‌ವಲಿ ಕೈಯಲ್ಲಿ ಕರಪತ್ರ ಹಿಡಿದು ಅದರಲ್ಲಿದ್ದ ಹುಡುಗಿಯ ಫೋಟೊ ನೋಡುತ್ತ ನಿಂತಿದ್ದ. ನಲವತ್ತರ ಆಸುಪಾಸಿನ ಅಫ್ಘಾನ್ ಮನುಷ್ಯ, ಎಂಟು ತಿಂಗಳಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದ. ಸಲಾಮಿನ ಆಚೆಗೆ ಮಾತಿಲ್ಲ.

"ಸಾಬ್, ಇಲ್ಲಿ ಯತೀಮ್ ಅಂತ ಬರೆದಿದೆ," ಎಂದ ಉರ್ದುವಿನಲ್ಲಿ.

"ಹೌದು. ಅಪ್ಪ ಇಲ್ಲದ ಮಗು ಅದು."

"ಅಪ್ಪ ಇದ್ದಾನೆ ಸಾಬ್. ನಾನೇ."

ಸಿನಿಮಾದಲ್ಲಿಯಂತೆ ಮಚ್ಚೆ ಗಿಚ್ಚೆ ನೋಡಿ ಗುರುತು ಹಿಡಿದದ್ದಲ್ಲ. ಹೆತ್ತವನಿಗೆ ಮಗಳನ್ನು ಗುರುತಿಸಲು ಮಚ್ಚೆ ಬೇಕೆ? ಪಲ್ವಶಾ ಎಂದು ಹೆಸರು ಹೇಳಿದ. ಕರಪತ್ರದಲ್ಲಿ ಹೆಸರಿರಲಿಲ್ಲ, ಫೈಲಿನಲ್ಲಿ ಇದ್ದದ್ದು ಅದೇ ಎಂದು ಕ್ಲೆಮೆಂಟ್‌ಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಬೇರೆ ಅರಬಿಯ ಹತ್ತಿರ ಕೆಲಸಕ್ಕಿದ್ದನಂತೆ. ಸಂಬಳವಿಲ್ಲ, ವೀಸಾ ಮುಗಿದಿತ್ತು. ಹೆಂಡತಿ ಫೋನಿನಲ್ಲಿ ಅಳುತ್ತಿದ್ದಳು. ಕೈಲಾಗದ ಸಿಟ್ಟಿನಲ್ಲಿ, "ನಾನು ಸತ್ತೆ ಅಂತ ತಿಳ್ಕೊ," ಎಂದು ಕರೆ ಕತ್ತರಿಸಿದ. ವಾರ ಬಿಟ್ಟು ನಾಚಿಕೆಪಟ್ಟು ಮತ್ತೆ ಮಾಡಿದರೆ ಆ ನಂಬರೇ ಇಲ್ಲ. ಹೆಂಡತಿ ಮಕ್ಕಳು, ಅಣ್ಣ ಎಲ್ಲರೂ ಊರು ಬಿಟ್ಟಿದ್ದರು. ಅಂದಿನಿಂದ ಹುಡುಕುತ್ತಲೇ ಇದ್ದಾನೆ.

ಆಫೀಸಿಗೆ ಹೋದವರೇ ಕ್ಲೆಮೆಂಟ್ ಫೈಲು ತೆಗೆದರು. ತಂದೆಯ ಹೆಸರು ಝರ್‌ವಲಿ. ಹೊರದೇಶದಲ್ಲಿ ಕೆಲಸದಲ್ಲಿದ್ದಾಗ ಮರಣ. ಸಾಕ್ಷಿಗಳಲ್ಲಿ ಮೊದಲನೆಯವನು ಅವನದೇ ಅಣ್ಣ. ಹದಿಮೂರು ವರ್ಷದಿಂದ ಕ್ಲೆಮೆಂಟ್ ಇಂಥ ಸಾಕ್ಷಿಗಳನ್ನು ವೇದವಾಕ್ಯವೆಂದು ನಂಬಿದವರು.

"ಈಗ ಫೈಲು ಬಂದ್ ಮಾಡ್ಬೇಕಾ?" ಎಂದು ಸಂಜೆ ಮೇಬಲ್ ಕೇಳಿದಳು. "ಎರಡು ಮಕ್ಕಳ ಶಾಲೆ, ಊಟ?"

"ಅದು ಮತ್ತೆ ನೋಡುವ. ಸತ್ತ ಗಂಡ ಸಿಕ್ಕಿದಾನೆ ಅಂದ್ರೆ ಆ ಹೆಂಗಸಿಗೆ ಎಷ್ಟು ಖುಷಿ ಆದೀತು! ಮೊದಲು ಮಾತಾಡ್ಲಿ."

ಮರುದಿನ ಹತ್ತು ಗಂಟೆಗೆ ಝರ್‌ವಲಿ ಮಹಡಿ ಹತ್ತಿ ಬಂದ. ಯಾರದೋ ವೇಸ್ಟ್‌ಕೋಟು ಕೇಳಿ ಹಾಕಿಕೊಂಡಿದ್ದ, ಉಗುರಿನ ಸಂದಿಯ ಹಿಟ್ಟನ್ನೂ ತಿಕ್ಕಿ ತೊಳೆದಿದ್ದ. ಕ್ಲೆಮೆಂಟ್ ಆಫೀಸಿನ ಫೋನಿನಿಂದಲೇ ಕರೆ ಮಾಡಿ ಸ್ಪೀಕರ್ ಒತ್ತಿದರು.

"ಸಲಾಮ್ ಕ್ಲೆಮೆಂಟ್ ಸಾಬ್," ಎಂದಿತು ಪರಿಚಯದ ದನಿ. "ಈ ಸಲ ಬೇಗ ಮಾಡಿದಿರಿ?"

"ಬೆಹನ್, ನಿಮ್ಮ ಹತ್ತಿರ ಒಬ್ಬರು ಮಾತಾಡಬೇಕಂತೆ."

ಝರ್‌ವಲಿ ಪಶ್ತೋದಲ್ಲಿ ಹೆಂಡತಿಯ ಹೆಸರು ಹಿಡಿದು ಕರೆದ. ಮತ್ತೆ ಏನೇನೋ ಹೇಳಿ ನಿಲ್ಲಿಸಿದ. ಬಹಳ ಹೊತ್ತಿನ ಮೇಲೆ ಉತ್ತರ ಬಂತು, ಉರ್ದುವಿನಲ್ಲಿ.

"ನೀವು ಯಾರೋ ನನಗೆ ಗೊತ್ತಿಲ್ಲ ಭಾಯಿ. ನನ್ನ ಗಂಡ ತೀರಿಕೊಂಡು ಮೂರು ವರ್ಷ ಆಯಿತು. ಎಲ್ಲ ಸಾಬರ ಫೈಲಿನಲ್ಲಿದೆ."

ಕ್ಲೆಮೆಂಟ್‌ಗೆ ಆಗ ಹೊಳೆಯಿತು. ಅವಳ ಫೋನಿನಲ್ಲಿ ಬಂದದ್ದು ಗಂಡನ ಹೆಸರಲ್ಲ, ಸಂಸ್ಥೆಯ ಹೆಸರು. ಅನ್ನ ಕೊಡುವವರೇ ಯಾರನ್ನೋ ಕೂರಿಸಿಕೊಂಡು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದಾಳೆ. ತಮ್ಮ ಮೊಬೈಲಿನಿಂದ ಮಾಡುವ ಬುದ್ಧಿ ತಮಗೆ ಯಾಕೆ ಬರಲಿಲ್ಲ? ಇದು ಪರೀಕ್ಷೆಯಲ್ಲ ಎಂದು ಕೂಗಿ ಹೇಳಲು ಬಾಯಿ ತೆರೆದರು. ಝರ್‌ವಲಿ ಅವರ ಕೈ ಹಿಡಿದು ತಡೆದ. ಗಂಟಲು ಸರಿಮಾಡಿಕೊಂಡು, ಆಫೀಸಿನವನ ಹಾಗೆ, ಅವನೂ ಉರ್ದುವಿನಲ್ಲೇ ಕೇಳಿದ.

"ಮಕ್ಕಳು ಹೇಗಿದ್ದಾರೆ ಬೆಹನ್?"

ಕಟ್ಟಿಕೊಂಡ ಹೆಂಡತಿಯನ್ನು ಅವನು ಅಕ್ಕ ಎಂದು ಕರೆದದ್ದು ಕೇಳಿ ಕ್ಲೆಮೆಂಟ್‌ಗೆ ಕಣ್ಣೆತ್ತಲಾಗಲಿಲ್ಲ.

"ಚೆನ್ನಾಗಿದ್ದಾರೆ. ಚಿಕ್ಕವನಿಗೆ ಅಪ್ಪನ ಮುಖ ನೆನಪಿಲ್ಲ. ಪಲ್ವಶಾ ನಾಲ್ಕನೇ ಕ್ಲಾಸು. ಅಪ್ಪ ಸತ್ತ ಅಂತ ಅತ್ತು ಅತ್ತು ಈಗ ಸುಮ್ಮನಾಗಿದ್ದಾಳೆ." ದನಿ ಒಂದು ಕ್ಷಣ ನಡುಗಿತು. "ಅವಳನ್ನು ಮತ್ತೆ ಅಳಿಸುವುದು ಬೇಡ ಭಾಯಿ. ಓದಲಿ."

"ಸರಿ ಬೆಹನ್. ತಪ್ಪಾಯಿತು," ಎಂದ ಝರ್‌ವಲಿ. ಕರೆ ನಿಂತಿತು.

ಕ್ಲೆಮೆಂಟ್ ತಮ್ಮ ಮೊಬೈಲು ತೆಗೆದು, ಇದರಿಂದ ಇನ್ನೊಮ್ಮೆ ಮಾಡೋಣ ಎಂದರು.

"ಬೇಡ ಸಾಬ್. ಅವಳಿಗೆ ನನ್ನ ದನಿ ಗೊತ್ತಾಗಿದೆ. ನೀವು ಫಾರಂ ತುಂಬಿಸಿ."

"ಝರ್‌ವಲಿ..."

"ನನ್ನ ಎದುರೇ ಬರೆಯಿರಿ. ಆಮೇಲೆ ನಿಮ್ಮ ಮನಸ್ಸು ಬದಲಾದರೆ?"

ಕ್ಲೆಮೆಂಟ್ ಫೈಲು ಬಿಡಿಸಿದರು. ವಾರ್ಷಿಕ ಕರೆಯ ಹಾಳೆಯಲ್ಲಿ ತಾರೀಖು ಬರೆದರು, ತಾಯಿ ಆರೋಗ್ಯ ಎಂದು ಬರೆದರು, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ ಎಂದು ಬರೆದರು. ತಂದೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎದುರು ಕುರ್ಚಿಯಲ್ಲಿ ಕೂತಿದ್ದವನು ಮೇಜಿನ ಮೇಲೆ ಬಾಗಿ, ಖಾಲಿ ಜಾಗದ ಮೇಲೆ ಬೆರಳಿಟ್ಟು ತೋರಿಸಿದ. ಮೃತ ಎಂದು ಅವರು ಬರೆದು ಸಹಿ ಹಾಕುವವರೆಗೂ ಅವನು ಆ ಬೆರಳನ್ನು ತೆಗೆಯಲಿಲ್ಲ.